ಬಾಟಲಿ ಗ್ಯಾಸು, ಅಕ್ವೇರಿಯಂ ಗಿಡ

ರಾತ್ರಿ ದೋಸೆ ಹಿಟ್ಟು ಉಬ್ಬುವುದು ಇಂಗಾಲದ ಡೈಆಕ್ಸೈಡಿನಿಂದ. ಹುಬ್ಬಳ್ಳಿಯ ನನ್ನ ಬಾಡಿಗೆ ಕೋಣೆಯ ಅಕ್ವೇರಿಯಂ ಗಿಡಗಳಿಗೂ ಅದೇ ಗ್ಯಾಸು ಬೇಕಿತ್ತು. ಸಿಲಿಂಡರ್ ಸೆಟ್ಟಿಗೆ ಸಾವಿರಾರು ರೂಪಾಯಿ. ಹಾಗಾಗಿ 2 ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಗೆ 2 ಬಟ್ಟಲು ಸಕ್ಕರೆ, ಬ್ರೆಡ್ ಉಬ್ಬಿಸುವ ಈಸ್ಟ್ ಅರ್ಧ ಚಮಚ, ಮುಕ್ಕಾಲು ಭಾಗ ಉಗುರುಬೆಚ್ಚಗಿನ ನೀರು ಹಾಕಿದೆ. ಮುಚ್ಚಳಕ್ಕೆ ತೂತು ಕೊರೆದು, ಸಣ್ಣ ಪೈಪ್ ಸಿಕ್ಕಿಸಿ, ಸುತ್ತ ಅಂಟು ಹಚ್ಚಿ, ಇನ್ನೊಂದು ತುದಿಯನ್ನು ಅಕ್ವೇರಿಯಂ ನೀರಿಗೆ ಬಿಟ್ಟೆ. ಮರುದಿನ ಗುಳ್ಳೆ ಬಂದವು. ಬರಬರುತ್ತ ಗಿಡ ಚಿಗುರಿತು.

ಆದರೆ ಈಸ್ಟಿಗೆ ಹಗಲು-ರಾತ್ರಿ ಇಲ್ಲ, ಗ್ಯಾಸು ಬಿಡುತ್ತಲೇ ಇರುತ್ತದೆ. ಕತ್ತಲಲ್ಲಿ ಗಿಡ ಅದನ್ನು ಹೀರುವುದಿಲ್ಲ, ಮೇಲಾಗಿ ತಾನೂ ಆಮ್ಲಜನಕ ಬಳಸುತ್ತದೆ. ಗ್ಯಾಸು ಹೆಚ್ಚಾದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಹಾಗೇ ಬಿಟ್ಟರೆ ಬೆಳಗಿನ ಹೊತ್ತಿಗೆ ಸಾಯಲೂಬಹುದು. ಅದಕ್ಕೇ ದೀಪ ಆರಿಸುವಾಗ ಪೈಪನ್ನು ನೀರಿನಿಂದ ಹೊರಗೆಳೆಯುತ್ತೇನೆ. ಪೈಪಿನ ಬಾಯಿ ಮಾತ್ರ ಎಂದೂ ಕಟ್ಟಬಾರದು, ಬಾಟಲಿ ಸಿಡಿದೀತು.