ಬಿ.ಎಚ್. ರಸ್ತೆಯ ಹಿಂಬಾಗಿಲು

ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಕಾಲೇಜಿಗೆ ಬರುವವರೆಗೂ ನಮಗೆ ಇದು ಗೊತ್ತಿರಲಿಲ್ಲ. ಆ ತುದಿಗೆ ರಾಜಧಾನಿ, ಈ ತುದಿಗೆ ಸಮುದ್ರ. ನಡುವಿನ ಊರುಗಳಿಗೆ ಹೆಸರಿನಲ್ಲಿ ಜಾಗವಿಲ್ಲ. ಊರಿಗೇ ಇಲ್ಲದ ಮೇಲೆ ಊರಾಚೆಯ ಕೇರಿಗೆ ಎಲ್ಲಿಂದ ಬಂತು?

ಶಿವಮೊಗ್ಗದಿಂದ ಬರುವ ರಸ್ತೆ ಆನಂದಪುರ ದಾಟಿ ಸಾಗರ ಹೊಕ್ಕು, ಊರನ್ನು ಸೀಳಿಕೊಂಡು ತಾಳಗುಪ್ಪದ ಕಡೆ ಹೋಗಿ ಘಟ್ಟ ಇಳಿಯುತ್ತದೆ. ಬಹಳ ವರ್ಷ ಇದು 206ನೇ ನಂಬರಿನ ಹೆದ್ದಾರಿ, ಈಗ 69. ಎರಡೂ ಬದಿ ಅಂಗಡಿ, ಹೋಟೆಲು, ಬ್ಯಾಂಕು. ಅಡಿಕೆಯ ದುಡ್ಡು ಓಡಾಡುವ ಬೀದಿ. ಪೇಟೆಯೊಳಗೆ ಮಾರಿಕಾಂಬೆಯ ಗುಡಿ. ಮೂರು ವರ್ಷಕ್ಕೊಮ್ಮೆ ಅಮ್ಮ ತವರುಮನೆಯಿಂದ ಗಂಡನ ಮನೆಗೆ ಹೋಗುವಾಗ ಕಾಲಿಡಲು ಜಾಗ ಇರುವುದಿಲ್ಲ. ತೀರ್ಥಹಳ್ಳಿಗೆ ಹೋದರೆ ಅಲ್ಲಿ ಆಜಾದ್ ರಸ್ತೆ. ಹೊಸನಗರದ ಪೇಟೆ ಇನ್ನೂ ಸಣ್ಣದು. ಡಿಗ್ರಿ ಸರ್ಟಿಫಿಕೇಟು ಹಿಡಿದು ಮೂರೂ ಪೇಟೆ ಅಲೆದವರು ನಾವು.

ಇದು ರಸ್ತೆಯ ಮುಖ. ಇದಕ್ಕೊಂದು ಬೆನ್ನೂ ಇತ್ತು. ಮನೆಗಳ ಹಿಂದೆ, ಎರಡು ಗೋಡೆಗಳ ನಡುವೆ, ಒಬ್ಬರು ಬಕೆಟ್ ಹಿಡಿದು ನಡೆಯುವಷ್ಟು ಅಗಲದ ಸಂದಿ. ಕಕ್ಕಸಿನ ಸಣ್ಣ ಕಿಂಡಿ ಬಾಗಿಲು ಆ ಸಂದಿಗೆ ತೆರೆಯುತ್ತಿತ್ತು. ನಮ್ಮ ಅಜ್ಜಿ ಹನ್ನೆರಡನೇ ವಯಸ್ಸಿಗೆ ತನ್ನ ಅವ್ವನ ಹಿಂದೆ ಆ ಸಂದಿಗೆ ಬಂದವಳು. ಊರು ಏಳುವ ಮುಂಚೆ ಕೆಲಸ ಮುಗಿಸಿ ಹೋಗಬೇಕು. ಊರಿನ ಹೊಲಸು ಊರಿಗೆ ಕಾಣಬಾರದು, ಅದನ್ನು ಹೊರುವವರೂ ಕಾಣಬಾರದು. ಪಟ್ಟಣ ಕಟ್ಟಿದವರು ಇದನ್ನೆಲ್ಲ ಲೆಕ್ಕ ಹಾಕಿಯೇ ನಕಾಶೆ ಬರೆದಿದ್ದರು.

70ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಅಂದರು. ಅದೇ ಬಸವಲಿಂಗಪ್ಪನವರು 1973ರ ಬೂಸಾ ಗಲಾಟೆಯಲ್ಲಿ ಮಂತ್ರಿಗಿರಿ ಕಳಕೊಂಡರು. ಅಜ್ಜಿಗೆ ಬೂಸಾ ಗೀಸಾ ಗೊತ್ತಿಲ್ಲ. "ಯಾರೋ ಒಬ್ರು ದೊಡ್ಡೋರು ಬುಟ್ಟಿ ಇಳಿಸ್ರೇ ಅಂದ್ರಂತೆ, ಇಳಿಸಿದ್ವಿ" ಅಂತಾಳೆ. ಬುಟ್ಟಿ ಇಳಿದ ಕೈಗೆ ಪೊರಕೆ ಬಂತು. ಸಂದಿಯಿಂದ ಮುಂಬೀದಿಗೆ ಬಂದಳು, ಗುಡಿಸುವುದಕ್ಕೆ.

ಈ ಊರಿಗೆ ಹೋರಾಟದ ಹೆಸರೂ ಇದೆ. ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದಲ್ಲೇ ಮೋಸವಿತ್ತು. ಎಚ್. ಗಣಪತಿಯಪ್ಪನವರು ದೀವರ ರೈತರನ್ನು ಕಟ್ಟಿದರು. ಸಮಾಜವಾದಿಗಳು ಜತೆಗೆ ಬಂದರು. ಆ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು. ಸಾಗರದ ರೈಲ್ವೆ ಸ್ಟೇಷನ್ನಿನಲ್ಲೇ ಅವರನ್ನು ಹಿಡಿದರು. ಆ ಬೆಂಕಿ ಆರದೆ ಉಳಿದು ದೇವರಾಜ ಅರಸರ ಕಾಲದ ಭೂಸುಧಾರಣೆಗೆ ಬಂದು ಮುಟ್ಟಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಉಳುವವನೇ ಒಡೆಯ.

ಕಾಗೋಡಿನ ಹೆಸರು ಕೇಳಿದರೆ ಇವತ್ತಿಗೂ ನಮಗೆ ಎದೆ ಉಬ್ಬುತ್ತದೆ. ಆದರೂ ಒಂದು ಮಾತು ಆಡಲೇಬೇಕು, ಗೆಳೆಯರೇ. ನಮ್ಮ ಅಜ್ಜ ಒಂದು ಅಡಿಕೆ ತೋಟದಲ್ಲಿ ಸಾಲ ತೀರಿಸುತ್ತಾ ದುಡಿದವನು. ಎಲ್ಲರೂ ಏಳನೇ ನಂಬರ್ ಫಾರಂ ಕೊಡುತ್ತಿದ್ದಾರೆ ಅಂತ ಕೇಳಿ ಅವನೂ ಈ ರಸ್ತೆಗುಂಟ ನಡೆದು ಒಂದು ಕಚೇರಿಗೆ ಹೋದ. "ಗೇಣಿ ಚೀಟಿ ಎಲ್ಲಿದೆ?" ಅಂದರು. ಗೇಣಿ ಕೊಟ್ಟವನಿಗೆ ಚೀಟಿ. ಬೆನ್ನು ಕೊಟ್ಟವನಿಗೆ ಏನಿದೆ? ಉಳುವವನಿಗೆ ಭೂಮಿ ಸಿಕ್ಕಿತು, ಉಳುವವನ ಕೈಕೆಳಗೆ ಉಳುವವನಿಗೆ ಸಿಗಲಿಲ್ಲ. ಜೀತ ರದ್ದು ಮಾಡಿದ ಕಾನೂನು 1976ರಲ್ಲಿ ಬಂದಾಗ ಅಜ್ಜನಿಗೆ ಬಿಡುಗಡೆ ಆಯಿತು. ಬಿಡುಗಡೆಯಾಗಿ ಹೋಗುವುದೆಲ್ಲಿಗೆ ಅಂತ ಯಾವ ಕಾನೂನೂ ಹೇಳಲಿಲ್ಲ.

ಇನ್ನು ನಮ್ಮದೇ ತಪ್ಪೊಂದನ್ನು ಹೇಳಬೇಕು. ಹೈಸ್ಕೂಲಿಗೆ ಹೋಗುವಾಗ ಒಂದು ಬೆಳಿಗ್ಗೆ ಗೆಳೆಯರ ಜತೆ ಇದೇ ರಸ್ತೆಯಲ್ಲಿ ಬರುತ್ತಿದ್ದೆವು. ಎದುರಿಗೆ ಅಜ್ಜಿ, ಕೈಯಲ್ಲಿ ಪೊರಕೆ. ನಮ್ಮನ್ನು ನೋಡಿ ಮುಖ ಅರಳಿತು. ನಾವು ರಸ್ತೆ ದಾಟಿ ಆ ಬದಿಗೆ ಹೋಗಿಬಿಟ್ಟೆವು. ಅಜ್ಜಿ ಕೂಗಲಿಲ್ಲ. ತಲೆ ತಗ್ಗಿಸಿ ಗುಡಿಸಿದಳು. ರಾತ್ರಿ ಅನ್ನ ಹಾಕುವಾಗಲೂ ಆ ಮಾತೆತ್ತಲಿಲ್ಲ. ಮೇಲ್ಜಾತಿಯವರು ಮಾಡಿದ್ದನ್ನು ನೂರು ಸಲ ಬರೆಯುತ್ತೇವೆ. ಆ ಬೆಳಿಗ್ಗೆ ನಾವು ಮಾಡಿದ್ದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಡಿಗ್ರಿ ಮುಗಿದ ಮೇಲೆ ಪೇಟೆಯಲ್ಲಿ ರೂಮು ಹುಡುಕಿದೆವು. ಓನರು ಒಳ್ಳೆಯ ಮನುಷ್ಯ, ಕಾಫಿ ಕೊಟ್ಟರು, ನಮ್ಮ ಕವಿತೆಯ ಸುದ್ದಿ ಕೇಳಿದರು. ಆಮೇಲೆ ಮೆಲ್ಲಗೆ, "ನೀವು ಯಾವ ಪೈಕಿ?" ಅಂದರು. ಹೇಳಿದೆವು. ರೂಮು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿತ್ತಂತೆ. ಬೋರ್ಡು ಮಾತ್ರ ತಿಂಗಳು ಕಳೆದರೂ ಅಲ್ಲೇ ನೇತಾಡುತ್ತಿತ್ತು.

ಮೊನ್ನೆ ಅಜ್ಜಿಯನ್ನು ಕೈ ಹಿಡಿದು ಹಾಡಹಗಲಲ್ಲಿ ಬಿ.ಎಚ್. ರಸ್ತೆಗೆ ಕರಕೊಂಡು ಬಂದೆವು. ಹೋಟೆಲಿನಲ್ಲಿ ಕೂತು ಮಸಾಲೆ ದೋಸೆ ತಿನ್ನಬೇಕು ಅಂತ ಹಟ, ನಮ್ಮದು. ಅಜ್ಜಿ ಕಟ್ಟಡಗಳನ್ನು ನೋಡುತ್ತಾ ಬಂದಳು, ಒಂದೂ ಗುರುತು ಸಿಗಲಿಲ್ಲ. ಒಂದು ಪಕ್ಕದ ಓಣಿಗೆ ತಿರುಗಿದ್ದೇ ತಡ, ಬಾಯಿ ಬಿಚ್ಚಿದಳು. "ಇದು ನುಗ್ಗೆ ಮರದ ಮನೆ. ಇಲ್ಲಿ ಒಬ್ಬಮ್ಮ ನೀರು ಎತ್ತಿ ಹಾಕೋಳು, ಒಳ್ಳೇಳು. ಇಲ್ಲಿ ನಾಯಿ ಬಿಡೋರು. ಇಲ್ಲಿ ನಮ್ಮವ್ವ ಜಾರಿಬಿದ್ದಿದ್ದು." ಒಂದೊಂದು ಮನೆಯ ಹಿಂಬಾಗಿಲೂ ಅವಳಿಗೆ ಬಾಯಿಪಾಠ. ಕಕ್ಕಸಿನ ಕಿಂಡಿಗಳಿಗೆಲ್ಲ ಇಟ್ಟಿಗೆ ಕಟ್ಟಿ ಗಾರೆ ಬಳಿದಿದ್ದಾರೆ. ಗಾರೆಯ ಬಣ್ಣ ಬೇರೆ, ನೋಡಿದರೆ ತಿಳಿಯುತ್ತದೆ.

ಸಾಗರದ ಚರಿತ್ರೆಯಲ್ಲಿ ಕೆಳದಿಯ ಅರಸರಿದ್ದಾರೆ, ಕೆರೆ ಕಟ್ಟಿಸಿದವರಿದ್ದಾರೆ. ಅಜ್ಜಿ ಹೇಳಿದ್ದನ್ನು ಆ ದಿನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು, ಮನೆ ಮನೆಯಾಗಿ. ಹಳ್ಳಿ ಶಾಲೆಯ ಮೇಷ್ಟ್ರುಗಳು ತಮ್ಮ ಊರಿನ ಅಜ್ಜಿಯರನ್ನೂ ಒಮ್ಮೆ ಕೇಳಿ ನೋಡಲಿ. ಮಕ್ಕಳ ಕೈಲಿ ಬರೆಸಲಿ.

ಹೋಟೆಲಿನಲ್ಲಿ ಅಜ್ಜಿ ಅರ್ಧ ದೋಸೆ ತಿಂದಳು. ಎದ್ದವಳೇ ತನ್ನ ತಟ್ಟೆ, ನಮ್ಮ ತಟ್ಟೆ ಎರಡನ್ನೂ ಎತ್ತಿಕೊಂಡು ಹಿಂದಕ್ಕೆ ಹೊರಟಳು. "ಇಟ್ಬಿಡು ಅಜ್ಜಿ" ಅಂದೆವು. ಅಜ್ಜಿ ನಿಂತು ನಮ್ಮ ಮುಖ ನೋಡಿದಳು. ಎಲ್ಲರೂ ನೋಡುತ್ತಿದ್ದರು. ಈ ಸಲ ನಾವು ರಸ್ತೆ ದಾಟಲಿಲ್ಲ.