ಹಾಕಿದ ಸಹಿ, ಹಾಕದ ಸಹಿ

ಮೂವತ್ತೊಂದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದವನು ನಾನು. ಗುತ್ತಿಗೆದಾರ ಎಷ್ಟೇ ಅವಸರ ಮಾಡಲಿ, ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆದು, ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ ಬರೆಯದೆ ಒಂದು ಬಿಲ್ಲಿಗೂ ಸಹಿ ಹಾಕಿದವನಲ್ಲ. ಸರ್ಕಾರದ ದುಡ್ಡಿಗೆ ಪಾಲಿಸಿದ ಈ ಶಿಸ್ತನ್ನು ಸ್ವಂತ ಮನೆಯ ದುಡ್ಡಿಗೆ ಪಾಲಿಸಲಿಲ್ಲ. ಆ ತಪ್ಪಿಗೆ ನನ್ನ ಹಣ ಹೋಯಿತು. ಅದಾದ ಮೇಲೆ ಮಾಡಿದ ಇನ್ನೊಂದು ತಪ್ಪಿಗೆ ಬೇರೆಯವರೂ ದಂಡ ತೆತ್ತರು. ಎರಡನ್ನೂ ಇಲ್ಲಿ ಬರೆದಿದ್ದೇನೆ.

2018ರಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ಕಡೆ, 96 ಮನೆಗಳ ಅಪಾರ್ಟ್‌ಮೆಂಟ್ ಒಂದರಲ್ಲಿ ನಾಲ್ಕನೇ ಅಂತಸ್ತಿನ ಮನೆ ಬುಕ್ ಮಾಡಿದೆ. ನಿವೃತ್ತಿಯಾದ ಮೇಲೆ ಮಗಳ ಹತ್ತಿರ ಇರೋಣ ಎಂಬುದು ನನ್ನ ಹೆಂಡತಿಯ ಆಸೆ. ಯೋಜನೆಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಇತ್ತು. ಇನ್ನೇನು ಭಯ ಎಂದುಕೊಂಡೆ. ಆ ಸಂಖ್ಯೆಯ ಹಿಂದಿರುವ 2016ರ ಕಾಯ್ದೆಯನ್ನು ಓದಿಕೊಳ್ಳಲು ಒಂದು ಸಂಜೆ ಸಾಕಿತ್ತು. ಮಾರಾಟದ ಕರಾರನ್ನು ನೋಂದಾಯಿಸುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. ಆದರೆ ಈ ವಾರವೇ ಕಟ್ಟಿದರೆ ಚದರಡಿಗೆ ಇಷ್ಟು ಕಡಿಮೆ ಎಂದರು ಬಿಲ್ಡರ್ ಕಚೇರಿಯವರು. ಶೇ 20 ಕೊಟ್ಟು ಬಂದೆ. ಕರಾರು ನೋಂದಣಿಯಾದದ್ದು ಐದು ತಿಂಗಳ ಮೇಲೆ.

ಉಳಿದದ್ದು ಬ್ಯಾಂಕ್ ಸಾಲ. ಕಟ್ಟಡ ಒಂದೊಂದು ಹಂತ ಏರಿದಂತೆ ಒಂದೊಂದು ಕಂತು ಬಿಡುಗಡೆಯಾಗಬೇಕು. 2019ರಲ್ಲಿ ನಾನು ಚಿಕ್ಕಮಗಳೂರಿನಲ್ಲಿದ್ದೆ. ಐದನೇ ಅಂತಸ್ತಿನ ಚಾವಣಿ ಮುಗಿದಿದೆ, ಕಂತಿಗೆ ಒಪ್ಪಿಗೆ ಕೊಡಿ ಎಂದು ಪತ್ರ ಬಂತು. ಅದೇ ವಾರ ಒಂದು ಸಣ್ಣ ಮೋರಿಯ ಕಾಂಕ್ರೀಟ್ ಅಳೆಯಲು ಕೊಪ್ಪದವರೆಗೆ ಜೀಪಿನಲ್ಲಿ ಹೋಗಿಬಂದಿದ್ದೆ. ಈ ಪತ್ರಕ್ಕೆ ಮಾತ್ರ ಕುಳಿತಲ್ಲೇ ಸಹಿ ಹಾಕಿದೆ.

ಮೊದಲ ಲಾಕ್‌ಡೌನ್ ತೆರವಾದ ಮೇಲೆ ಸೈಟಿಗೆ ಹೋದೆ. ಐದನೇ ಅಂತಸ್ತಿನಲ್ಲಿ ಬರೀ ಕಾಲಂಗಳಿದ್ದವು. ಸೆಂಟ್ರಿಂಗ್ ಹಲಗೆ ಕೂಡ ಬಿಚ್ಚಿ ಒಯ್ದಿದ್ದರು. ಮೇಲಕ್ಕೆ ಚಾಚಿದ್ದ ಕಂಬಿಗಳಿಗೆ ತುಕ್ಕು ಹಿಡಿದಿತ್ತು. ಕಾವಲುಗಾರ ಒಬ್ಬನೇ ಇದ್ದ, ಅವನಿಗೂ ನಾಲ್ಕು ತಿಂಗಳ ಸಂಬಳ ಬಾಕಿ.

ಖರೀದಿದಾರರ ಹಣದಲ್ಲಿ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟು ಆ ಯೋಜನೆಯ ನಿರ್ಮಾಣಕ್ಕೆ ಮತ್ತು ಜಮೀನಿನ ವೆಚ್ಚಕ್ಕೆ ಮಾತ್ರ ಬಳಸಬೇಕು ಎಂಬುದು ರೇರಾ ಕಾಯ್ದೆಯ ಬೆನ್ನೆಲುಬು. ಅದರಿಂದ ಹಣ ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಕೆಲಸ ಇಷ್ಟಾಗಿದೆ ಎಂದು ದೃಢೀಕರಿಸಬೇಕು. ನಮ್ಮ ಯೋಜನೆಯ ಕಡತದಲ್ಲಿ ಮೂರು ದೃಢೀಕರಣಗಳೂ ಇದ್ದವು. ಚಾವಣಿ ಇರಲಿಲ್ಲ. ಆ ಎಂಜಿನಿಯರನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ನೋಡದೆ ಸಹಿ ಹಾಕಿದವನು ನಾನೂ ತಾನೆ.

ಇದು ಹಾಕಬಾರದಿದ್ದ ಸಹಿ. ಹಾಕಬೇಕಿದ್ದ ಸಹಿಯ ಕತೆ 2021ರದು.

ಖರೀದಿದಾರರ ಸಂಘ ಕಟ್ಟಲು ಕೆಲವರು ಓಡಾಡುತ್ತಿದ್ದರು. ಅವರಲ್ಲಿ ಮುಂದಾಳು ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಚಾಲಕರೊಬ್ಬರು. ಗ್ರಾಚ್ಯುಟಿಯನ್ನೆಲ್ಲ ಆ ಮನೆಗೆ ಸುರಿದಿದ್ದರು. ಎರಡು ಬಸ್ಸು ಬದಲಿಸಿ ನಮ್ಮ ಬಾಡಿಗೆ ಮನೆ ಹುಡುಕಿಕೊಂಡು ಬಂದರು. "ಸಾರ್, ನೀವು ಎಂಜಿನಿಯರು. ನೀವು ಸಹಿ ಹಾಕಿದ್ರೆ ಉಳಿದವರಿಗೂ ಧೈರ್ಯ ಬರುತ್ತೆ" ಎಂದರು. ಕಾಫಿ ಕೊಟ್ಟೆ. "ನೋಡೋಣ" ಎಂದೆ.

ಕಾರಣ ಅವರಿಗೆ ಹೇಳಲಿಲ್ಲ. ಹಿಂದಿನ ವಾರ ಬಿಲ್ಡರ್ ಕಚೇರಿಯ ಮ್ಯಾನೇಜರ್ ಫೋನ್ ಮಾಡಿದ್ದ. "ಸಂಘ ಗಿಂಘ ಅಂತ ಹೋಗ್ಬೇಡಿ ಸಾರ್, ನಿಮ್ಮ ಮನೇನ ಮೊದಲು ಮುಗಿಸಿ ಕೊಡ್ತೀವಿ" ಎಂದಿದ್ದ. ನನಗೆ ನನ್ನ ಮನೆ ಸಿಕ್ಕರೆ ಸಾಕಿತ್ತು. ಲಿಫ್ಟ್, ಸಂಪು, ವಿದ್ಯುತ್ ಏನೂ ಇಲ್ಲದ, ಸ್ವಾಧೀನಾನುಭವ ಪತ್ರ ಸಿಗದ ಕಟ್ಟಡದಲ್ಲಿ ನಾಲ್ಕನೇ ಅಂತಸ್ತಿನ ಒಂದೇ ಮನೆ ಮುಗಿಯುವುದು ಸಾಧ್ಯವಿಲ್ಲ ಎಂದು ಯಾವ ಮೇಸ್ತ್ರಿಯಾದರೂ ಹೇಳಿಯಾನು. ನನಗೂ ಗೊತ್ತಿತ್ತು. ಆಸೆ ಅದನ್ನು ಮುಚ್ಚಿಹಾಕಿತ್ತು.

ಹದಿನಾಲ್ಕು ತಿಂಗಳು ಕಾದೆ. ಒಂದು ಭಾನುವಾರ ಸೈಟಿನಲ್ಲಿ ಸಿಕ್ಕ ಇನ್ನೊಬ್ಬ ಖರೀದಿದಾರರು ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡಿ, ನನ್ನ ಮನೇನೇ ಮೊದಲು ಕೊಡ್ತಾರಂತೆ" ಎಂದರು. ನಿಂತಲ್ಲೇ ಕುಸಿದ ಹಾಗಾಯಿತು. ನಮ್ಮಲ್ಲಿ ಎಷ್ಟು ಮಂದಿಗೆ ಇದೇ ಮಾತು ಹೇಳಿದ್ದರೋ!

ಆ ರಾತ್ರಿ ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಖರೀದಿದಾರರ ಹಕ್ಕುಗಳನ್ನು ಪಟ್ಟಿ ಮಾಡುವ 19ನೇ ಸೆಕ್ಷನ್ ಅವರ ಕರ್ತವ್ಯಗಳನ್ನೂ ಹೇಳುತ್ತದೆ. ಸಂಘ ಕಟ್ಟುವುದರಲ್ಲಿ ಪ್ರತಿಯೊಬ್ಬ ಖರೀದಿದಾರನೂ ಪಾಲ್ಗೊಳ್ಳಬೇಕು ಎಂಬುದು ಅವುಗಳಲ್ಲೊಂದು. ಯೋಜನೆಯ ನೋಂದಣಿ ರದ್ದಾದರೆ ಅಥವಾ ಅವಧಿ ಮುಗಿದರೆ ಉಳಿದ ಕೆಲಸ ಕೈಗೆತ್ತಿಕೊಳ್ಳುವ ಮೊದಲ ಅವಕಾಶವನ್ನು 8ನೇ ಸೆಕ್ಷನ್ ಸಂಘಕ್ಕೇ ಕೊಡುತ್ತದೆ. ದಿವಾಳಿ ಸಂಹಿತೆಯಡಿ ಹೋಗುವುದಾದರೂ, 2020ರ ತಿದ್ದುಪಡಿಯ ನಂತರ, ಒಂದು ಯೋಜನೆಯ ನೂರು ಮಂದಿ ಇಲ್ಲವೇ ಶೇ 10ರಷ್ಟು ಖರೀದಿದಾರರು ಒಟ್ಟಿಗೆ ಹೋಗಬೇಕು. ಪರಿಹಾರ, ಬಡ್ಡಿ ಕೇಳಿ ಒಬ್ಬನೇ ದೂರು ಕೊಡಬಹುದು. ನಿಂತ ಕಟ್ಟಡವನ್ನು ಒಬ್ಬನೇ ಎಬ್ಬಿಸಲಾರ.

ಮರುದಿನ ಹೋಗಿ ಸಹಿ ಹಾಕಿದೆ. ಅದು 49ನೆಯದು, ಸಂಘವನ್ನು ಅರ್ಧದ ಗಡಿ ದಾಟಿಸಿದ ಸಹಿ. ಪಟ್ಟಿಯ ಮೊದಲ ಹೆಸರಿನ ಮೇಲೆ ಗೆರೆ ಎಳೆದಿತ್ತು. ಆ ಚಾಲಕರು ಬಾಡಿಗೆ, ಕಂತು ಎರಡನ್ನೂ ತೂಗಿಸಲಾಗದೆ, ಕಟ್ಟಿದ್ದರಲ್ಲಿ ಅರ್ಧ ವಾಪಸ್ ಪಡೆದು, ಬುಕಿಂಗ್ ರದ್ದು ಮಾಡಿ ಮದ್ದೂರಿನ ಹತ್ತಿರದ ಊರಿಗೆ ಮರಳಿದ್ದರು. ಅವರ ಜಾಗಕ್ಕೆ ಬೇರೊಬ್ಬರು ಸೇರಿಕೊಂಡಿದ್ದರು. ನಾನು ಹದಿನಾಲ್ಕು ತಿಂಗಳು ಮೊದಲೇ ಸಹಿ ಹಾಕಿದ್ದರೆ ಅವರು ಉಳಿಯುತ್ತಿದ್ದರೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಊರಿಗೇ ಹೋಗಿ ಕ್ಷಮೆ ಕೇಳಿದೆ. ಅವರು ಊಟ ಹಾಕಿ ಕಳಿಸಿದರು.

ತಡವಾದುದಕ್ಕೆ ಬಡ್ಡಿ ಕೊಡಬೇಕೆಂದು ಪ್ರಾಧಿಕಾರದ ಆದೇಶ ಬಂದಿದೆ. ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಕಡತ ಕಂದಾಯ ಇಲಾಖೆಗೆ ಹೋಗಿದೆ, ಹಣ ಇನ್ನೂ ಬಂದಿಲ್ಲ. ಆದೇಶ ಕೊಟ್ಟ ಮೇಲೆ ವಸೂಲಿಗೂ ಗಡುವಿಲ್ಲದಿದ್ದರೆ ಕಾನೂನು ಅರ್ಧ ದಾರಿಯಲ್ಲಿ ನಿಂತ ಕಟ್ಟಡದಂತೆಯೇ. ಸರ್ಕಾರ ಇದನ್ನು ಸರಿಪಡಿಸಬೇಕು. ಉಳಿದ ಕೆಲಸ ನಮಗೇ ಕೊಡಿ ಎಂದು ಸಂಘ ಅರ್ಜಿ ಹಾಕಿದೆ. ಪ್ರತಿ ಕಾಲಂ, ಪ್ರತಿ ತೊಲೆ ಅಳೆದು ಅದರ ಅಂದಾಜು ಪಟ್ಟಿ ಬರೆದುಕೊಟ್ಟವನು ನಾನು.

ಮನೆ ಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಕಂತಿಗೆ ಒಪ್ಪಿಗೆ ಕೇಳಿ ಪತ್ರ ಬಂದರೆ ಮೊದಲು ಸೈಟಿಗೆ ಹೋಗಿ ಚಾವಣಿಯನ್ನು ಕಣ್ಣಾರೆ ನೋಡಿ. ಸಂಘಕ್ಕೆ ಸಹಿ ಕೇಳಿ ನೆರೆಯವರು ಬಾಗಿಲಿಗೆ ಬಂದರೆ "ನೋಡೋಣ" ಎನ್ನಬೇಡಿ. ಅವರ ಮುಂದೆಯೇ ಪೆನ್ನು ತೆಗೆಯಿರಿ.