ರೋಮ್‌ನ ಇನ್ನೊಬ್ಬ ಚಾಂಪಿಯನ್

ನಾವು ಮೊದಲು ಹುಡುಕಿಕೊಂಡು ಹೋಗಿದ್ದು ರಿಚೀ ಇವಾನ್ಸ್ ಅವರನ್ನು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರೋಮ್ ಅಂತ ಒಂದು ಊರಿದೆ, ಅಲ್ಲಿಯವರು. ಕಿತ್ತಳೆ ಬಣ್ಣದ 61ನೇ ನಂಬರಿನ ಕಾರು, 9 ರಾಷ್ಟ್ರೀಯ ಪ್ರಶಸ್ತಿ, 1985ರ ಅಕ್ಟೋಬರ್‌ನಲ್ಲಿ ಮಾರ್ಟಿನ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಅಭ್ಯಾಸದ ವೇಳೆ ಸಾವು. ವರದಿಗಾರರಿಗೆ ಇನ್ನೇನು ಬೇಕು?

ಆದರೆ ಪ್ರಶಸ್ತಿಗಳ ಪಟ್ಟಿ ನೋಡಿದಾಗ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು. ಜೆರ್ರಿ ಕುಕ್. ಅವರೂ ಅದೇ ರೋಮ್‌ನವರು. 1971, 1972, ಆಮೇಲೆ 1974ರಿಂದ 1977ರವರೆಗೆ ಸತತವಾಗಿ, ಒಟ್ಟು 6 ಸಲ ಚಾಂಪಿಯನ್. ಇಬ್ಬರ ಲೆಕ್ಕ ಕೂಡಿಸಿದರೆ 1971ರಿಂದ 1985ರವರೆಗೆ 15 ವರ್ಷ ಪ್ರಶಸ್ತಿ ಆ ಒಂದೇ ಊರು ಬಿಟ್ಟು ಹೋಗಿಲ್ಲ!

ಮಾಡಿಫೈಡ್ ಅಂದರೆ ಮುಂದಿನ ಚಕ್ರಗಳು ಮೈಯಿಂದ ಹೊರಗೆ ಕಾಣುವ, ಅಗಲ ಟೈರಿನ ತಗ್ಗು ಕಾರು. ಓಡುವುದು ಹೆಚ್ಚಾಗಿ ಒಂದು ಮೈಲಿಗಿಂತ ಚಿಕ್ಕ ಸುತ್ತಿನ ಟ್ರ್ಯಾಕ್‌ನಲ್ಲಿ. ಆಗ ಬೇರೆ ಬೇರೆ ಊರಿನ ಟ್ರ್ಯಾಕ್‌ಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿಸಿ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದರು. ಹಾಗಾಗಿ ಒಬ್ಬರು ಮನೆಯಲ್ಲಿ ಕೂತರೆ ಇನ್ನೊಬ್ಬರು ಮುಂದೆ ಹೋಗುತ್ತಿದ್ದರು.

ಕುಕ್ 1982ರಲ್ಲಿ ಸ್ಟೇರಿಂಗ್ ಬಿಟ್ಟರು, ಆಟ ಬಿಡಲಿಲ್ಲ. ನಾಸ್ಕಾರ್ ಆಡಳಿತಕ್ಕೆ ಸೇರಿದರು. 1985ರಲ್ಲಿ ಮಾಡಿಫೈಡ್ ಕಾರುಗಳಿಗೆ ಹೊಸ ಸರಣಿ ಶುರುವಾದಾಗ ಅದರ ಉಸ್ತುವಾರಿ ಅವರದೇ. ಆ ಮೊದಲ ಸರಣಿ ಗೆದ್ದವರು ಇವಾನ್ಸ್. ಪ್ರಶಸ್ತಿ ಖಚಿತವಾಗಿತ್ತು, ಸರಣಿ ಮುಗಿಯುವಾಗ ಅವರೇ ಇರಲಿಲ್ಲ. ಎದುರಾಳಿಯಾಗಿದ್ದವರು ನಡೆಸುತ್ತಿದ್ದ ಸರಣಿಯಲ್ಲೇ ಹೀಗಾಯಿತು. ಆ ದಿನ ಕುಕ್ ಅವರಿಗೆ ಏನನ್ನಿಸಿರಬಹುದು ಎಂದು ನಾವು ತುಂಬ ಹೊತ್ತು ಮಾತಾಡಿಕೊಂಡೆವು. ನಾಸ್ಕಾರ್ ಹಾಲ್ ಆಫ್ ಫೇಮ್ ಇವಾನ್ಸ್ ಅವರನ್ನು 2012ರಲ್ಲಿ ಸೇರಿಸಿಕೊಂಡಿತು, ಕುಕ್ ಅವರನ್ನು 2016ರಲ್ಲಿ.

ಓದುವ ದಿನಗಳಲ್ಲಿ ನಾವು ಒಂದು ಕಬಡ್ಡಿ ಫೈನಲ್ ವರದಿ ಮಾಡಿದ್ದೆವು. ಗೆದ್ದವರ ಹೆಸರು, ಅಂಕ, ಗಾಯಗೊಂಡ ಆಟಗಾರ, ಎಲ್ಲ ಬರೆದೆವು. ಬೆಳಿಗ್ಗೆಯೇ ಬಂದು ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಹಿರಿಯರೊಬ್ಬರು ಒಂದು ಕಾಲದಲ್ಲಿ ಅದೇ ಕಪ್ ಗೆದ್ದವರು ಅಂತ ಗೊತ್ತಾಗಿದ್ದು ವರದಿ ಕಳಿಸಿದ ಮೇಲೆ. ಅವರ ಹೆಸರನ್ನೂ ನಾವು ಕೇಳಿರಲಿಲ್ಲ.